‘ಕುಡೀತಿದ್ರಾ?’ ಎಂಬ ಪ್ರಶ್ನೆ ಮತ್ತು ಯಕೃತ್ತಿನ ಕ್ಯಾನ್ಸರ್

ಮಾನ್ಯ ಸಂಪಾದಕರೇ,

ನಮ್ಮ ಅಣ್ಣ ಯಕೃತ್ತಿನ ಕ್ಯಾನ್ಸರ್‌ನಿಂದ ತೀರಿಕೊಂಡು ಹತ್ತು ತಿಂಗಳಾಯಿತು. ಕಾಯಿಲೆ ಪತ್ತೆಯಾದಾಗ ಗಡ್ಡೆ ಹನ್ನೊಂದು ಸೆಂಟಿಮೀಟರ್ ದಾಟಿತ್ತು; ಅಲ್ಲಿಂದಾಚೆಗೆ ಐದು ತಿಂಗಳಷ್ಟೇ ಅವರು ನಮ್ಮೊಂದಿಗಿದ್ದರು. ಮಾತನಾಡಿಸಿಕೊಂಡು ಹೋಗಲು ಬಂದವರಲ್ಲಿ ಬಹುಪಾಲು ಮಂದಿ, ಅತ್ತಿಗೆಗೆ ಕೇಳಿಸದ ಹಾಗೆ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದ್ದು ಒಂದೇ ಪ್ರಶ್ನೆ: ‘ಅಣ್ಣ ಕುಡೀತಿದ್ರಾ?’ ಅವರು ಜೀವಮಾನದಲ್ಲಿ ಒಂದು ಹನಿ ಮದ್ಯ ಮುಟ್ಟಿದವರಲ್ಲ. ಹಾಗೆಂದು ಹೇಳಿದಾಗ ಕೆಲವರು ಸುಮ್ಮನಾದರು, ಕೆಲವರು ನಂಬಲಿಲ್ಲ. ಅತ್ತಿಗೆಯಂತೂ ಈಗಲೂ ಯಾರಾದರೂ ಕಾಯಿಲೆಯ ಹೆಸರು ಕೇಳಿದರೆ ‘ಹೊಟ್ಟೆಯ ತೊಂದರೆ’ ಎಂದಷ್ಟೇ ಹೇಳಿ ಮಾತು ಮುಗಿಸುತ್ತಾರೆ.

ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಮೂವತ್ತೊಂದು ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ಈ ಕಾಯಿಲೆಯ ಬೇರು ಎಲ್ಲೆಲ್ಲಿದೆ ಎಂಬುದನ್ನು ನನ್ನ ಕೈಯಲ್ಲೇ ಹಿಡಿದ ಸಾವಿರಾರು ರಕ್ತದ ಮಾದರಿಗಳಲ್ಲಿ ಕಂಡಿದ್ದೇನೆ. ಆ ಒಂದು ಪ್ರಶ್ನೆಯ ಹಿಂದಿರುವ ತಪ್ಪು ತಿಳಿವಳಿಕೆಯೇ ನಮ್ಮ ದೇಶದಲ್ಲಿ ಬಹಳಷ್ಟು ಜನರನ್ನು ಪರೀಕ್ಷೆಯಿಂದ ದೂರ ಇಟ್ಟಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕುಡಿಯದವರು ತಮಗೂ ಈ ಕಾಯಿಲೆಗೂ ಸಂಬಂಧವಿಲ್ಲ ಎಂದುಕೊಳ್ಳುತ್ತಾರೆ. ಕುಡಿಯುವವರು ನಾಚಿಕೆಯಿಂದ ವೈದ್ಯರ ಬಳಿಗೇ ಹೋಗುವುದಿಲ್ಲ. ಕಾಯಿಲೆ ಬಂದ ಮನೆಯವರು ಅದನ್ನು ಮುಚ್ಚಿಡುತ್ತಾರೆ. ಆದ್ದರಿಂದ ಸ್ವಲ್ಪ ದೀರ್ಘವಾದರೂ ಈ ಪತ್ರಕ್ಕೆ ಸ್ಥಳಾವಕಾಶ ಕೊಡಬೇಕೆಂದು ಕೋರುತ್ತೇನೆ.

ಮೊದಲು ಕಾಯಿಲೆಯ ಗಾತ್ರ. 2022ರ ಜಾಗತಿಕ ಅಂದಾಜಿನ ಪ್ರಕಾರ ಪ್ರಪಂಚದಲ್ಲಿ ಆ ಒಂದೇ ವರ್ಷ ಸುಮಾರು 8.66 ಲಕ್ಷ ಜನರಿಗೆ ಯಕೃತ್ತಿನ ಕ್ಯಾನ್ಸರ್ ಬಂತು, ಸುಮಾರು 7.58 ಲಕ್ಷ ಜನ ಅದರಿಂದ ಸತ್ತರು. ಬರುವವರ ಲೆಕ್ಕದಲ್ಲಿ ಆರನೆಯ ಸ್ಥಾನದಲ್ಲಿರುವ ಈ ಕ್ಯಾನ್ಸರ್, ಸಾಯುವವರ ಲೆಕ್ಕದಲ್ಲಿ ಮೂರನೆಯ ಸ್ಥಾನಕ್ಕೆ ಏರುತ್ತದೆ. ಭಾರತದಲ್ಲಿ 2020ರ ಅಂದಾಜು ಸುಮಾರು 35 ಸಾವಿರ ಹೊಸ ರೋಗಿಗಳು, ಸುಮಾರು 34 ಸಾವಿರ ಸಾವುಗಳು. ಈ ಎರಡು ಸಂಖ್ಯೆಗಳು ಹೀಗೆ ಅಕ್ಕಪಕ್ಕ ನಿಂತಿರುವುದನ್ನು ಓದುಗರು ದಯವಿಟ್ಟು ಗಮನಿಸಬೇಕು. ಒಂದು ವರ್ಷದಲ್ಲಿ ಎಷ್ಟು ಜನರಿಗೆ ಬಂತೋ ಹೆಚ್ಚುಕಡಿಮೆ ಅಷ್ಟೇ ಜನ ಸಾಯುತ್ತಿದ್ದಾರೆ ಎಂದರೆ, ನಾವು ಈ ಕಾಯಿಲೆಯನ್ನು ಕಂಡುಹಿಡಿಯುತ್ತಿರುವುದೇ ಅದು ಕೈಮೀರಿದ ಮೇಲೆ ಎಂದರ್ಥ. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ಲೆಕ್ಕ ಹಾಕಿದಾಗ ನಮ್ಮಲ್ಲಿ ಲಕ್ಷಕ್ಕೆ ಮೂರರ ಆಸುಪಾಸಿನಲ್ಲಿರುವ ಈ ಕ್ಯಾನ್ಸರ್ ಜಗತ್ತಿನ ಸರಾಸರಿಯಲ್ಲಿ ಒಂಬತ್ತರ ಆಸುಪಾಸಿನಲ್ಲಿದೆ. ಮಂಗೋಲಿಯಾದಲ್ಲಿ ಎಂಬತ್ತನ್ನೂ ಮೀರುತ್ತದೆ. ನಮ್ಮ ದರ ಕಡಿಮೆ ಎಂದು ಸಮಾಧಾನಪಡುವ ಮೊದಲು ಆ ಲೆಕ್ಕ ಎಷ್ಟು ಗಟ್ಟಿ ಎಂದು ಕೇಳಿಕೊಳ್ಳಬೇಕಾಗುತ್ತದೆ. ಆ ಮಾತನ್ನು ಮುಂದೆ ಹೇಳುತ್ತೇನೆ.

ಕಾರಣಗಳಿಗೆ ಬಂದರೆ, ಪ್ರಪಂಚದ ಮಟ್ಟದಲ್ಲಿ ಮೊದಲನೆಯ ಸ್ಥಾನದಲ್ಲಿರುವುದು ಮದ್ಯವಲ್ಲ, ಹೆಪಟೈಟಿಸ್ ಬಿ ವೈರಸ್. ಇದು ಊಹೆಯ ಮಾತಲ್ಲ. 1970ರ ದಶಕದಲ್ಲಿ ಅಮೆರಿಕದ ಪಾಮರ್ ಬೀಸ್ಲಿ ಎಂಬ ವೈದ್ಯವಿಜ್ಞಾನಿ ತೈವಾನ್‌ನಲ್ಲಿ 22,707 ಗಂಡಸರ ರಕ್ತ ಪರೀಕ್ಷಿಸಿ, ಯಾರ ರಕ್ತದಲ್ಲಿ ಈ ವೈರಸ್ಸಿನ ಗುರುತಿದೆ, ಯಾರಲ್ಲಿ ಇಲ್ಲ ಎಂದು ಬರೆದಿಟ್ಟುಕೊಂಡು ವರ್ಷಗಟ್ಟಲೆ ಹಿಂಬಾಲಿಸಿದರು. 1981ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಯಕೃತ್ತಿನ ಕ್ಯಾನ್ಸರ್‌ನಿಂದ ಸತ್ತ 41 ಮಂದಿಯಲ್ಲಿ 40 ಮಂದಿ ವೈರಸ್ ಹೊತ್ತವರೇ ಆಗಿದ್ದರು. ವೈರಸ್ ಇಲ್ಲದವರಿಗೆ ಹೋಲಿಸಿದರೆ ಅವರ ಅಪಾಯ 223 ಪಟ್ಟು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರ್‌ಗೂ ಇರುವ ನಂಟನ್ನು ನಾವೆಲ್ಲ ಒಪ್ಪಿದ್ದೇವೆ. ಈ ನಂಟು ಅದಕ್ಕಿಂತಲೂ ಎಷ್ಟೋ ಪಟ್ಟು ಬಿಗಿಯಾದದ್ದು. ಈ ವೈರಸ್ ಯಕೃತ್ತಿನ ಜೀವಕೋಶದ ಡಿಎನ್‌ಎ ಒಳಕ್ಕೇ ಸೇರಿಕೊಳ್ಳಬಲ್ಲದು. ಹಾಗಾಗಿ ಯಕೃತ್ತು ಗಟ್ಟಿಯಾಗಿ ಗಂಟುಗಂಟಾಗುವ ಸಿರೋಸಿಸ್ ಹಂತಕ್ಕೆ ಹೋಗದೆಯೂ ಇದರಿಂದ ಕ್ಯಾನ್ಸರ್ ಬರುವುದುಂಟು.

ಈ ಸೋಂಕಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದು ತಗಲುವ ವಯಸ್ಸು. ದೊಡ್ಡವರಾದ ಮೇಲೆ ತಗುಲಿದರೆ ನೂರರಲ್ಲಿ ತೊಂಬತ್ತೈದು ಜನರ ದೇಹ ಅದನ್ನು ತಾನೇ ಹೊರಹಾಕುತ್ತದೆ. ಹುಟ್ಟುವಾಗಲೇ ತಾಯಿಯಿಂದ ತಗುಲಿದ ಮಕ್ಕಳಲ್ಲಿ ಇದು ತಿರುಗುಮುರುಗಾಗಿ, ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳಲ್ಲಿ ಜೀವನಪೂರ್ತಿ ಉಳಿದುಬಿಡುತ್ತದೆ. ಹೆರಿಗೆಯ ಹೊತ್ತಿನಲ್ಲಿ ತಪ್ಪಿಸಿಕೊಂಡ ಮಕ್ಕಳಿಗೂ ಮೊದಲ ಐದು ವರ್ಷಗಳಲ್ಲಿ ಮನೆಯೊಳಗಿನ ಗಾಯ, ತರಚು, ಹಂಚಿಕೊಂಡ ಬ್ಲೇಡುಗಳಿಂದ ತಗಲುವ ಸಾಧ್ಯತೆ ಇರುತ್ತದೆ. ಆಮೇಲೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಏನೂ ಕಾಣುವುದಿಲ್ಲ. ಕಾಮಾಲೆಯಿಲ್ಲ, ನೋವಿಲ್ಲ, ಸುಸ್ತೂ ಇಲ್ಲ. ನಮ್ಮ ತಾಯಿ 1987ರಲ್ಲಿ ಹೊಟ್ಟೆಗೆ ನೀರು ತುಂಬಿ ತೀರಿಕೊಂಡಾಗ ಕಾರಣ ಹುಡುಕಲು ಹೋದವರಿಲ್ಲ. ಅಣ್ಣನಿಗೆ ಹೀಗಾದ ಮೇಲೆ ಉಳಿದ ನಾವು ಮೂವರು ಒಡಹುಟ್ಟಿದವರು ಪರೀಕ್ಷೆ ಮಾಡಿಸಿಕೊಂಡೆವು. ಹಿರಿಯಕ್ಕನ ರಕ್ತದಲ್ಲಿ ವೈರಸ್ ಇದೆ. ನನಗೆ ಯಾವಾಗಲೋ ಬಂದು ಹೋದ ಗುರುತು ಮಾತ್ರ ಇದೆ. ತಮ್ಮನಿಗೆ ಏನೂ ಇಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿ ಒಂದೇ ಮನೆಯಲ್ಲಿ ಬೆಳೆದ ನಾಲ್ವರಲ್ಲಿ ಅದು ಹೀಗೆ ಹಂಚಿಕೊಂಡಿತ್ತು.

ಆ ಪರೀಕ್ಷೆಯ ವಿಷಯವನ್ನೂ ಹೇಳಬೇಕು, ಏಕೆಂದರೆ ಜನ ಅದನ್ನು ದೊಡ್ಡ ಖರ್ಚಿನದೆಂದು ತಿಳಿದಿದ್ದಾರೆ. ಬೆರಳುದ್ದದ ಒಂದು ಪ್ಲಾಸ್ಟಿಕ್ ಪಟ್ಟಿ. ಅದರ ತುದಿಯ ಕುಳಿಗೆ ಎರಡು ಮೂರು ಹನಿ ಸೀರಂ, ಅಂದರೆ ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ, ಬಿಟ್ಟರೆ ತೇವ ನಿಧಾನವಾಗಿ ಮೇಲಕ್ಕೆ ಹರಿಯುತ್ತದೆ. ಒಂದು ಕೆಂಪು ಗೆರೆ ಮೂಡಿದರೆ ವೈರಸ್ ಇಲ್ಲ, ಎರಡು ಮೂಡಿದರೆ ಇದೆ. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಎರಡನೆಯ ಗೆರೆ ಕೆಲವೊಮ್ಮೆ ಬಹಳ ಮಸುಕಾಗಿರುತ್ತದೆ, ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕಾಗುತ್ತದೆ. ಶಸ್ತ್ರಚಿಕಿತ್ಸೆಗೆ ಬಂದವರು, ಬಸುರಿಯರು, ರಕ್ತ ಕೊಡಲು ಬಂದವರು ಹೀಗೆ ಎಷ್ಟೋ ಜನರ ಪಟ್ಟಿಗಳನ್ನು ನಾನು ಹಾಗೆ ಹಿಡಿದು ನೋಡಿದ್ದೇನೆ. ನಮ್ಮ ಮನೆಯವರದನ್ನು ಒಮ್ಮೆಯೂ ನೋಡಲಿಲ್ಲ. ಆ ನೋವು ನನ್ನನ್ನು ಬಿಟ್ಟು ಹೋಗುವಂಥದ್ದಲ್ಲ.

ಈ ಸೋಂಕಿಗೆ ಲಸಿಕೆ ಇದೆ. ಕ್ಯಾನ್ಸರ್ ತಡೆಯುವ ಮೊದಲ ಲಸಿಕೆ ಎಂದು ಅದನ್ನು ಕರೆಯುವುದು ಸರಿಯಾಗಿಯೇ ಇದೆ. ವೈರಸ್ಸನ್ನು ಗುರುತಿಸಿದ ಬರೂಕ್ ಬ್ಲೂಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಅವರ ಹುಟ್ಟುಹಬ್ಬವಾದ ಜುಲೈ 28ನ್ನೇ ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸುತ್ತಾರೆ. ತೈವಾನ್ 1984ರಲ್ಲಿ ಸಾರ್ವತ್ರಿಕ ಲಸಿಕೆ ಆರಂಭಿಸಿತು. ಹದಿಮೂರು ವರ್ಷಗಳ ನಂತರ ಪ್ರಕಟವಾದ ಲೆಕ್ಕದಲ್ಲಿ 6ರಿಂದ 14 ವರ್ಷದ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಲಕ್ಷಕ್ಕೆ 0.70ರಿಂದ 0.36ಕ್ಕೆ ಇಳಿದಿತ್ತು. ನಮ್ಮಲ್ಲಿ 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶೀಯವಾಗಿ ಈ ಲಸಿಕೆ ತಯಾರಿಸಿದ ಮೇಲೆ ಬೆಲೆ ಇಳಿಯಿತು. ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ಇದು 2002ರ ಹೊತ್ತಿಗೆ ಕೆಲವು ಜಿಲ್ಲೆ ಮತ್ತು ನಗರಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 2007–08ರಲ್ಲಿ ಹತ್ತು ರಾಜ್ಯಗಳಿಗೆ, 2011ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು. ಈಗ ಮಗು ಹುಟ್ಟಿದ 24 ಗಂಟೆಯೊಳಗೆ ಒಂದು ಡೋಸ್, ನಂತರ 6, 10, 14ನೇ ವಾರಗಳಲ್ಲಿ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯ ಜೊತೆ ಮೂರು ಡೋಸ್ ಕೊಡಲಾಗುತ್ತದೆ.

ಈ ನಾಲ್ಕರಲ್ಲಿ ತಾಯಿಯಿಂದ ಮಗುವಿಗೆ ಹೋಗುವ ಸೋಂಕನ್ನು ತಡೆಯುವುದು ಆ ಮೊದಲನೆಯ ಡೋಸ್. ಅದೇ ಹೆಚ್ಚು ತಪ್ಪಿಹೋಗುವುದೂ ಹೌದು. ಮನೆಯಲ್ಲೇ ಹೆರಿಗೆಯಾದರೆ ಸಿಗುವುದಿಲ್ಲ. ರಜೆಯ ದಿನ ಹುಟ್ಟಿದರೆ ‘ನಾಳೆ ಕೊಡೋಣ’ ಎನ್ನುತ್ತಾರೆ. ಇನ್ನೊಂದು ಕಾರಣ ಹೊರಗಿನವರಿಗೆ ತಿಳಿಯುವಂಥದ್ದಲ್ಲ: ಲಸಿಕೆ ಬರುವುದು ಹತ್ತು ಡೋಸಿನ ಸೀಸೆಯಲ್ಲಿ. ಒಂದೇ ಮಗು ಹುಟ್ಟಿದ ದಿನ ಸೀಸೆ ತೆರೆದರೆ ಉಳಿದ ಒಂಬತ್ತು ಡೋಸ್ ಹಾಳಾಗಿ, ಲೆಕ್ಕ ಕೊಡಬೇಕಾಗುತ್ತದೆ ಎಂಬ ಅಂಜಿಕೆ ಸಿಬ್ಬಂದಿಗೆ ಇರುತ್ತದೆ. ವಾಸ್ತವದಲ್ಲಿ ತೆರೆದ ಸೀಸೆಯನ್ನು ಸರಿಯಾದ ತಣುಪಿನಲ್ಲಿಟ್ಟರೆ ನಾಲ್ಕು ವಾರದವರೆಗೆ ಬಳಸಬಹುದು ಎಂದು ಕೇಂದ್ರ ಸರ್ಕಾರದ ನಿಯಮವೇ ಇದೆ. ಆ ನಿಯಮ ಹೆರಿಗೆ ಕೋಣೆಯವರೆಗೆ ತಲುಪಿದೆಯೇ ಎಂದು ಪ್ರತಿ ತಾಲ್ಲೂಕಿನಲ್ಲೂ ಒಮ್ಮೆ ವಿಚಾರಿಸಿದರೆ ಸಾಕು. ಗರ್ಭಿಣಿಯರು ತಮ್ಮ ತಾಯಿ ಕಾರ್ಡ್‌ನಲ್ಲಿ ಹೆಪಟೈಟಿಸ್ ಬಿ ಪರೀಕ್ಷೆಯ ಫಲಿತಾಂಶ ಬರೆದಿದೆಯೇ ಎಂದು ಕೇಳಿ ನೋಡಿಕೊಳ್ಳಬೇಕು. ವೈರಸ್ ಇರುವ ತಾಯಿಗೆ ಹುಟ್ಟಿದ ಮಗುವಿಗೆ ಲಸಿಕೆಯ ಜೊತೆಗೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದನ್ನೂ ಕೂಡಲೇ ಕೊಟ್ಟರೆ ರಕ್ಷಣೆ ಇನ್ನೂ ಗಟ್ಟಿಯಾಗುತ್ತದೆ.

ಆದರೆ ಲಸಿಕೆ ಕಾಯುವುದು ಮುಂದಿನ ತಲೆಮಾರನ್ನು. 2011ಕ್ಕೆ ಮೊದಲು ಹುಟ್ಟಿದ ನಮ್ಮಲ್ಲಿ ಬಹುಪಾಲು ಜನರಿಗೆ ಅದು ಸಿಕ್ಕಿಲ್ಲ, ಮತ್ತು ಮುಂದಿನ ಮೂವತ್ತು ವರ್ಷ ಈ ದೇಶದಲ್ಲಿ ಯಕೃತ್ತಿನ ಕ್ಯಾನ್ಸರ್ ಬರುವುದು ಹೆಚ್ಚಾಗಿ ನಮಗೇ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ, ಸುಮಾರು 55 ಲಕ್ಷ ಜನರಿಗೆ ಹೆಪಟೈಟಿಸ್ ಸಿ ಇತ್ತು. ಇಡೀ ಪ್ರಪಂಚದ ಹೊರೆಯಲ್ಲಿ ಇದು ನೂರಕ್ಕೆ 11.6 ಪಾಲು, ನಮಗಿಂತ ಮುಂದೆ ಇರುವುದು ಚೀನಾ ಮಾತ್ರ. ಜಗತ್ತಿನಾದ್ಯಂತ ಹೆಪಟೈಟಿಸ್ ಬಿ ಹೊತ್ತವರಲ್ಲಿ ತಮಗೆ ಸೋಂಕಿದೆ ಎಂದು ತಿಳಿದವರು ನೂರಕ್ಕೆ 13 ಮಂದಿ ಮಾತ್ರ ಎಂದೂ ಅದೇ ವರದಿ ಹೇಳುತ್ತದೆ. ಸರ್ಕಾರ ಕೈಕಟ್ಟಿ ಕೂತಿದೆ ಎಂದು ನಾನು ಹೇಳುತ್ತಿಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧವೂ ಉಚಿತ. ಹೆಪಟೈಟಿಸ್ ಬಿ ಹೊತ್ತವರಿಗೆಲ್ಲ ಔಷಧ ಬೇಕಾಗುವುದಿಲ್ಲ. ಬೇಕಾದವರಿಗೆ ದಿನಕ್ಕೊಂದು ಮಾತ್ರೆ ವೈರಸ್ಸನ್ನು ಅಡಗಿಸಿಡುತ್ತದೆ, ಕ್ಯಾನ್ಸರ್‌ನ ಅಪಾಯವನ್ನೂ ತಗ್ಗಿಸುತ್ತದೆ. ಇಷ್ಟೆಲ್ಲ ಇದ್ದೂ ಪರೀಕ್ಷೆಗೆ ಬರಬೇಕಾದವರು ಬರುತ್ತಿಲ್ಲ, ಬಂದವರನ್ನೂ ನಾವು ಕೈಬಿಡುತ್ತಿದ್ದೇವೆ.

ಕೈಬಿಡುವುದು ಎಂದೆ, ಅದಕ್ಕೊಂದು ಉದಾಹರಣೆ ಕೊಡುತ್ತೇನೆ. 2006ರಲ್ಲಿ ಅಣ್ಣ ಒಂದು ಶಿಬಿರದಲ್ಲಿ ರಕ್ತದಾನ ಮಾಡಿದ್ದರು. ಅವರು ತೀರಿಕೊಂಡ ಮೇಲೆ ಕಾಗದಪತ್ರ ಹುಡುಕುವಾಗ ಅವರ ಹಳೆಯ ಡೈರಿಯ ನಡುವೆ ಮಡಚಿಟ್ಟ ಒಂದು ಪತ್ರ ಸಿಕ್ಕಿತು. ಅದರಲ್ಲಿದ್ದುದು ಎರಡೇ ಸಾಲು: ತಾವು ಕೊಟ್ಟ ರಕ್ತ ಬಳಕೆಗೆ ಯೋಗ್ಯವಾಗಿಲ್ಲ, ಮುಂದೆ ತಾವು ರಕ್ತದಾನ ಮಾಡಬಾರದು. ಯಾವ ಪರೀಕ್ಷೆಯಲ್ಲಿ ಏನು ಬಂತು, ಯಾರನ್ನು ಕಾಣಬೇಕು, ಮನೆಯವರಿಗೆ ಪರೀಕ್ಷೆ ಮಾಡಿಸಬೇಕೇ ಎಂಬ ಒಂದು ಮಾತೂ ಅದರಲ್ಲಿರಲಿಲ್ಲ. ಅಣ್ಣ ಬಹುಶಃ ತಮ್ಮ ರಕ್ತ ತೆಳುವಾಗಿದೆ ಎಂದುಕೊಂಡು ಸುಮ್ಮನಾದರು; ನನಗೂ ತೋರಿಸಲಿಲ್ಲ. ಆ ಪತ್ರಕ್ಕೂ ಅವರ ಸಾವಿಗೂ ನಡುವೆ ಹದಿನೇಳು ವರ್ಷಕ್ಕಿಂತ ಹೆಚ್ಚು ಸಮಯವಿತ್ತು. ಅಷ್ಟು ವರ್ಷಗಳಲ್ಲಿ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದ್ದರೆ ಗಡ್ಡೆ ಎರಡು ಸೆಂಟಿಮೀಟರ್ ಇದ್ದಾಗಲೇ ಕಣ್ಣಿಗೆ ಬೀಳುವ ಸಂಭವವಿತ್ತು.

ಹೆಪಟೈಟಿಸ್ ಸಿ ವಿಷಯವನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. 1989ರಲ್ಲಿ ಪತ್ತೆಯಾದ ಈ ವೈರಸ್ಸಿಗೆ ಲಸಿಕೆ ಇಲ್ಲ, ಆದರೆ ಪೂರ್ತಿ ಗುಣಪಡಿಸುವ ಔಷಧವಿದೆ: ಸಾಮಾನ್ಯವಾಗಿ ಹನ್ನೆರಡು ವಾರ ಮಾತ್ರೆ ನುಂಗಿದರೆ ನೂರರಲ್ಲಿ ತೊಂಬತ್ತೈದರಷ್ಟು ಜನರಲ್ಲಿ ವೈರಸ್ ಹೋಗಿಬಿಡುತ್ತದೆ. ಈ ಸೋಂಕು ಹೆಚ್ಚಾಗಿರುವ ಪಂಜಾಬ್ 2016ರಿಂದಲೇ ಉಚಿತ ಚಿಕಿತ್ಸೆ ಕೊಡಲು ಆರಂಭಿಸಿದ್ದು ಉಳಿದವರಿಗೆ ಮಾದರಿಯಾಯಿತು. ನಮ್ಮ ರಕ್ತನಿಧಿಗಳಲ್ಲಿ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೆ ಮೊದಲು ಹೆರಿಗೆಯಲ್ಲೋ, ಅಪಘಾತದಲ್ಲೋ, ಶಸ್ತ್ರಚಿಕಿತ್ಸೆಯಲ್ಲೋ ರಕ್ತ ಹಾಕಿಸಿಕೊಂಡವರು ಯಾವ ತೊಂದರೆ ಇಲ್ಲದಿದ್ದರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎರಡೂ ವೈರಸ್ಸುಗಳು ಹರಡಲು ಒಂದೇ ಸೂಜಿಯನ್ನು ಹಲವರಿಗೆ ಬಳಸುವುದು ಎಂಥ ದಾರಿ ಎಂಬುದಕ್ಕೆ 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ನಡೆದದ್ದು ಸಾಕ್ಷಿ. ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಪ್ರಾಣ ಕಳೆದುಕೊಂಡರು. ಜ್ವರ ಬಂದರೆ ಮಾತ್ರೆ ಸಾಲದು, ಇಂಜೆಕ್ಷನ್ನೇ ಬೇಕು ಎಂದು ಒತ್ತಾಯಿಸುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟು ಹೇಳಿದ್ದರಿಂದ ಮದ್ಯದ ಪಾತ್ರವನ್ನು ನಾನು ಕಡಿಮೆ ಮಾಡುತ್ತಿದ್ದೇನೆ ಎಂದು ಯಾರೂ ಭಾವಿಸಬಾರದು. ಮದ್ಯ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ನಿಸ್ಸಂದೇಹವಾಗಿ ಹೇಳಿದೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನ ಸುಮಾರು 16 ಕೋಟಿ ಭಾರತೀಯರು ಮದ್ಯ ಸೇವಿಸುತ್ತಾರೆ, ಅವರಲ್ಲಿ ಸುಮಾರು 5.7 ಕೋಟಿ ಜನರಿಗೆ ಅದರಿಂದ ಹೊರಬರಲು ನೆರವು ಬೇಕಿದೆ. ಯಕೃತ್ತಿನ ಕ್ಯಾನ್ಸರ್ ಹೆಂಗಸರಿಗಿಂತ ಗಂಡಸರಲ್ಲಿ ಎರಡು ಮೂರು ಪಟ್ಟು ಹೆಚ್ಚಾಗಿರಲು ಮದ್ಯ ಮತ್ತು ತಂಬಾಕು ಒಂದು ಕಾರಣ. ವೈರಸ್ ಹೊತ್ತವರು ಕುಡಿದರೆ ಸಿರೋಸಿಸ್ ಬೇಗ ಬರುತ್ತದೆ. ನಾನು ವಿರೋಧಿಸುವುದು ಕಾಯಿಲೆಯನ್ನು ನಡತೆಯ ಸರ್ಟಿಫಿಕೇಟ್ ಮಾಡುವುದನ್ನು. ಕುಡಿದು ಕಾಯಿಲೆ ತಂದುಕೊಂಡವನೂ ರೋಗಿಯೇ. ಅವನಿಗೂ ಸಮಯಕ್ಕೆ ಸರಿಯಾಗಿ ಸ್ಕ್ಯಾನಿಂಗ್ ಆಗಬೇಕು, ‘ಮಾಡಿದ್ದುಣ್ಣೋ ಮಾರಾಯ’ ಎಂದು ಅಟ್ಟುವುದು ತರವಲ್ಲ.

ಈಗ ನಮ್ಮ ಕಣ್ಣೆದುರೇ ಬೆಳೆಯುತ್ತಿರುವ ಕಾರಣ ಬೇರೆಯೇ. ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುವ, ಜನ ಫ್ಯಾಟಿ ಲಿವರ್ ಎಂದು ಕರೆಯುವ ಸ್ಥಿತಿ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಗ್ರೇಡ್ ಒನ್ ಫ್ಯಾಟಿ ಲಿವರ್’ ಎಂದು ಬಂದರೆ ಈಗ ಎಲ್ಲರಿಗೂ ಇರುವುದೇ ಎಂದು ಮಡಚಿ ಇಟ್ಟುಬಿಡುತ್ತಾರೆ. ಎಲ್ಲರಿಗೂ ಇದೆ ಎಂಬುದು ಹೆಚ್ಚುಕಡಿಮೆ ನಿಜವಾಗುತ್ತಿದೆ ಎಂಬುದೇ ಆತಂಕದ ವಿಷಯ: ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ವಯಸ್ಕರಲ್ಲಿ ಇದರ ಪ್ರಮಾಣ ನೂರಕ್ಕೆ 38.6 ಎಂದು ಕಂಡುಬಂತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ದೇಶವ್ಯಾಪಿಯಾಗಿ ನಡೆದ ಇನ್ನೊಂದು ಅಧ್ಯಯನ 2023ರಲ್ಲಿ ನಮ್ಮಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಹೇಳಿತು. ಸಕ್ಕರೆ ಕಾಯಿಲೆ ಒಂದೇ ಯಕೃತ್ತಿನ ಕ್ಯಾನ್ಸರ್‌ನ ಅಪಾಯವನ್ನು ಸುಮಾರು ಎರಡು ಪಟ್ಟು ಹೆಚ್ಚಿಸುತ್ತದೆ. ಕೊಬ್ಬು ತುಂಬಿದ ಯಕೃತ್ತು ಎಲ್ಲರಲ್ಲೂ ಕ್ಯಾನ್ಸರ್‌ಗೆ ಹೋಗುವುದಿಲ್ಲ, ಹೋಗುವವರು ಸಣ್ಣ ಪಾಲು. ಆದರೆ ಕೋಟಿಗಟ್ಟಲೆ ಜನರಲ್ಲಿ ಸಣ್ಣ ಪಾಲೆಂದರೂ ಆಸ್ಪತ್ರೆಗಳು ತುಂಬಿಹೋಗುವಷ್ಟಾಗುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ಇದನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದ್ದು ಬಹಳ ಒಳ್ಳೆಯ ಹೆಜ್ಜೆ. ತೂಕ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿದರೆ ಯಕೃತ್ತಿನ ಕೊಬ್ಬೂ ಉರಿಯೂತವೂ ತಗ್ಗುತ್ತವೆ ಎಂಬುದನ್ನು ವೈದ್ಯರು ರಿಪೋರ್ಟ್ ಕೊಡುವಾಗಲೇ ಎರಡು ನಿಮಿಷ ಕೂರಿಸಿ ಹೇಳಿದರೆ ಕೇಳುವವರು ಖಂಡಿತ ಇದ್ದಾರೆ.

ಬೂಷ್ಟು ಹಿಡಿದ ಕಾಳಿನ ಬಗ್ಗೆಯೂ ಒಂದು ಮಾತು ಸೇರಿಸಬೇಕು, ಏಕೆಂದರೆ ಈ ವಿಷಯ ಜನರ ಕಿವಿಗೆ ಬೀಳುವುದೇ ಇಲ್ಲ. ಶೇಂಗಾ, ಮೆಕ್ಕೆಜೋಳಗಳು ತೇವದಲ್ಲಿ ಉಳಿದರೆ ಅವುಗಳ ಮೇಲೆ ಬೆಳೆಯುವ ಒಂದು ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಅಕಾಲಿಕ ಮಳೆಗೆ ಕೆಟ್ಟ ಮೆಕ್ಕೆಜೋಳ ತಿಂದು 397 ಜನ ಕಾಮಾಲೆಗೆ ಬಿದ್ದು, ಅವರಲ್ಲಿ 106 ಮಂದಿ ಸತ್ತರು. ಅದು ಒಮ್ಮೆಲೇ ಹೆಚ್ಚು ವಿಷ ಸೇರಿದ್ದರ ಪರಿಣಾಮ. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಸೇರಿದರೆ ಅದು ಕ್ಯಾನ್ಸರ್‌ಗೆ ದಾರಿ. ಶಾಂಘೈನಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಅಧ್ಯಯನದಲ್ಲಿ ಅಫ್ಲಾಟಾಕ್ಸಿನ್ ಒಂದೇ ಇದ್ದವರ ಅಪಾಯ 3.4 ಪಟ್ಟು, ಹೆಪಟೈಟಿಸ್ ಬಿ ಒಂದೇ ಇದ್ದವರದು 7.3 ಪಟ್ಟು, ಎರಡೂ ಇದ್ದವರದು 59 ಪಟ್ಟು ಹೆಚ್ಚಿತ್ತು. ಎರಡು ಕಾರಣಗಳು ಕೂಡಿದಾಗ ಅಪಾಯ ಕೂಡುವುದಿಲ್ಲ, ಗುಣಿಸಿಕೊಳ್ಳುತ್ತದೆ. ಕುದಿಸಿದರೂ ಹುರಿದರೂ ಈ ವಿಷ ಪೂರ್ತಿ ಹೋಗುವುದಿಲ್ಲವಾದ್ದರಿಂದ, ಕಹಿಯಾದ, ಮುರುಟಿದ, ಹಸಿರು ಬೂಷ್ಟು ಕಂಡ ಕಾಳನ್ನು ಆರಿಸಿ ಬಿಸಾಡುವ ನಮ್ಮ ಹಿರಿಯರ ಅಭ್ಯಾಸ ಬಿಡುವಂಥದ್ದಲ್ಲ.

ಇನ್ನು ಲೆಕ್ಕದ ಮಾತು. ದೇಶದಲ್ಲಿ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಐಸಿಎಂಆರ್ ಆರಂಭಿಸಿದ್ದು 1980ರ ದಶಕದ ಆರಂಭದಲ್ಲಿ. ಮೊದಲ ಜನಸಂಖ್ಯಾ ಆಧಾರಿತ ನೋಂದಣಿ ಕೇಂದ್ರಗಳಲ್ಲಿ ಬೆಂಗಳೂರೂ ಒಂದು. ಈಗ ಇಡೀ ದೇಶದ ಈ ಕೆಲಸ ನಡೆಯುವುದೂ ಬೆಂಗಳೂರಿನ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರದಿಂದಲೇ. ಇದು ಹೆಮ್ಮೆಯ ವಿಷಯ. ಈ ನೋಂದಣಿಗಳಿಂದಲೇ ಅರುಣಾಚಲ ಪ್ರದೇಶದ ಪಾಪುಂ ಪಾರೆ ಜಿಲ್ಲೆಯಲ್ಲಿ ಯಕೃತ್ತಿನ ಕ್ಯಾನ್ಸರ್ ದೇಶದ ಉಳಿದೆಡೆಗಿಂತ ಎಷ್ಟೋ ಪಟ್ಟು ಹೆಚ್ಚಾಗಿರುವುದು ತಿಳಿದದ್ದು. ಈಶಾನ್ಯದ ಕೆಲವು ಬುಡಕಟ್ಟುಗಳಲ್ಲಿ ಹೆಪಟೈಟಿಸ್ ಬಿ ಸೋಂಕು ದೇಶದ ಸರಾಸರಿಗಿಂತ ಬಹಳ ಹೆಚ್ಚಿದೆ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಆದರೆ ನೋಂದಣಿ ಇರುವುದು ದೇಶದ ಸಣ್ಣ ಭಾಗದಲ್ಲಿ. ಅದರ ಮೇಲೆ ಯಕೃತ್ತಿನ ಕ್ಯಾನ್ಸರ್‌ಗೆ ಇನ್ನೊಂದು ತೊಡಕಿದೆ. ಬೇರೆ ಕ್ಯಾನ್ಸರ್‌ಗಳಲ್ಲಿ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಖಚಿತಪಡಿಸುತ್ತಾರೆ, ಹಾಗಾಗಿ ಪ್ರಯೋಗಾಲಯದ ಪುಸ್ತಕದಲ್ಲಿ ದಾಖಲೆ ಉಳಿಯುತ್ತದೆ. ಯಕೃತ್ತಿನ ಗಡ್ಡೆಯನ್ನು ಬಹಳಷ್ಟು ಸಲ ಸಿಟಿ ಸ್ಕ್ಯಾನ್ ನೋಡಿಯೇ ನಿರ್ಧರಿಸುತ್ತಾರೆ, ತುಣುಕು ತೆಗೆಯುವ ಅಗತ್ಯ ಬೀಳುವುದಿಲ್ಲ. ಲ್ಯಾಬಿನ ಪುಸ್ತಕ ನೋಡಿ ಎಣಿಸುವವರಿಗೆ ಆ ರೋಗಿ ಕಾಣುವುದೇ ಇಲ್ಲ. ಎಷ್ಟೋ ಜನ ಸ್ಕ್ಯಾನ್ ತನಕವೂ ಹೋಗದೆ ಕಾಮಾಲೆಗೆ ನಾಟಿ ಔಷಧ ಕುಡಿದುಕೊಂಡೇ ಮನೆಯಲ್ಲಿ ಸಾಯುತ್ತಾರೆ. 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ನೂರಕ್ಕೆ 22.5 ಮಾತ್ರ. ನಮ್ಮ ತಾಯಿ ಯಾವ ಲೆಕ್ಕದಲ್ಲೂ ಇಲ್ಲ. ಕ್ಯಾನ್ಸರನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಬೇಕೆಂದು ರಾಜ್ಯಸಭೆಯ ಆರೋಗ್ಯ ಸ್ಥಾಯಿ ಸಮಿತಿ 2022ರಲ್ಲೇ ಶಿಫಾರಸು ಮಾಡಿದೆ. ಕ್ಷಯವನ್ನು 2012ರಲ್ಲಿ ಹಾಗೆ ಘೋಷಿಸಿದ ಮೇಲೆ ಖಾಸಗಿ ಆಸ್ಪತ್ರೆಗಳ ರೋಗಿಗಳೂ ಲೆಕ್ಕಕ್ಕೆ ಬಂದರು. ಕ್ಯಾನ್ಸರ್‌ಗೂ ಇಡೀ ದೇಶದಲ್ಲಿ ಅದೇ ಆಗಬೇಕು.

ಪತ್ತೆಯಾದರೆ ಏನು ಪ್ರಯೋಜನ ಎನ್ನುವವರಿಗೆ ಒಂದು ಅಂಕಿ ಹೇಳುತ್ತೇನೆ. ಶಾಂಘೈನಲ್ಲೇ ಹೆಪಟೈಟಿಸ್ ಬಿ ಇದ್ದ ಅಥವಾ ಬಂದುಹೋಗಿದ್ದ 18,816 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮತ್ತು ಎಎಫ್‌ಪಿ ಎಂಬ ರಕ್ತಪರೀಕ್ಷೆ ಮಾಡುತ್ತ ಹೋದಾಗ, ಆ ಗುಂಪಿನಲ್ಲಿ ಯಕೃತ್ತಿನ ಕ್ಯಾನ್ಸರ್ ಸಾವು ನೂರಕ್ಕೆ 37ರಷ್ಟು ಕಡಿಮೆಯಾಯಿತು. ಎಲ್ಲರೂ ಪ್ರತಿ ಸಲವೂ ತಪ್ಪದೆ ಪರೀಕ್ಷೆಗೆ ಬಂದರೆಂದೇನಲ್ಲ; ಆದರೂ ಅಷ್ಟು ಫಲ ಸಿಕ್ಕಿತು. ಎಎಫ್‌ಪಿ ಒಂದನ್ನೇ ನಂಬಿ ಕೂರಬಾರದು, ಗಡ್ಡೆ ಇದ್ದೂ ಅದರ ಫಲಿತಾಂಶ ಸಹಜ ಮಟ್ಟದಲ್ಲೇ ಬರುವುದುಂಟು. ಗಡ್ಡೆ ಚಿಕ್ಕದಿರುವಾಗ ಸಿಕ್ಕರೆ ಕತ್ತರಿಸಿ ತೆಗೆಯಬಹುದು, ಸೂಜಿಯಿಂದ ಸುಡಬಹುದು, ಕೆಲವರಿಗೆ ಯಕೃತ್ತಿನ ಕಸಿಯನ್ನೂ ಮಾಡಬಹುದು. ಹನ್ನೊಂದು ಸೆಂಟಿಮೀಟರ್ ಆದ ಮೇಲೆ ವೈದ್ಯರಿಗೆ ಮಾಡಲು ಉಳಿಯುವುದು ಅಲ್ಪ.

ಆದ್ದರಿಂದ ಆರೋಗ್ಯ ಇಲಾಖೆಯವರಲ್ಲಿ ನನ್ನ ಬೇಡಿಕೆ ಹೊಸ ಕಟ್ಟಡದ್ದಲ್ಲ, ಹೊಸ ಯೋಜನೆಯದೂ ಅಲ್ಲ. ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ ಮತ್ತು ಕೆಲವು ಕ್ಯಾನ್ಸರ್‌ಗಳ ತಪಾಸಣೆಯನ್ನು ಆರೋಗ್ಯ ಕೇಂದ್ರಗಳಲ್ಲಿ ಈಗಾಗಲೇ ಮಾಡುತ್ತಿದ್ದಾರೆ. ಬೆರಳು ಚುಚ್ಚಿ ಸಕ್ಕರೆ ನೋಡುವ ಅದೇ ಹೊತ್ತಿನಲ್ಲಿ ಜೀವಮಾನದಲ್ಲಿ ಒಮ್ಮೆ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನೂ ಮಾಡಲಿ. ಬಿ ಇಲ್ಲವೆಂದು ಬಂದವರಿಗೆ ಲಸಿಕೆ ಸಿಗಲಿ, ಇದೆ ಎಂದು ಬಂದವರ ಮನೆಯವರೆಲ್ಲರನ್ನೂ ಕರೆಸಲಿ. ಕ್ಷಯರೋಗಿಗಳ ಬೆನ್ನು ಹತ್ತಲು ನಿಕ್ಷಯ್ ಎಂಬ ಗಣಕ ವ್ಯವಸ್ಥೆ ಇರುವಂತೆ, ಹೆಪಟೈಟಿಸ್ ಮತ್ತು ಸಿರೋಸಿಸ್ ಇರುವವರಿಗೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗಿಗೆ ಬನ್ನಿ ಎಂದು ಫೋನ್ ಹೋಗುವ ವ್ಯವಸ್ಥೆ ಆಗಲಿ. ರಕ್ತನಿಧಿಗಳು ಆ ಎರಡು ಸಾಲಿನ ಪತ್ರದ ಬದಲು ದಾನಿಯನ್ನು ಕರೆಸಿ, ಗುಟ್ಟಾಗಿ ಕೂರಿಸಿಕೊಂಡು, ಏನಾಗಿದೆ, ಎಲ್ಲಿಗೆ ಹೋಗಬೇಕು ಎಂದು ಬಾಯಿಬಿಟ್ಟು ಹೇಳಲಿ. ಇದು ಒಟ್ಟಿಗೆ ಉಂಡರೆ, ಕೈ ಮುಟ್ಟಿದರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಬರುವುದಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಲಿ. ಇಲ್ಲವಾದರೆ ಪರೀಕ್ಷೆಗೆ ಬರುವುದಕ್ಕೇ ಜನ ಹೆದರುತ್ತಾರೆ.

ಅಕ್ಕನಿಗೆ ಈಗ ಅರವತ್ತೆಂಟು. ಕಳೆದ ತಿಂಗಳ ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ, ಮಾತ್ರೆ ಆರಂಭಿಸಿದ್ದಾರೆ. ಅವರ ಇಬ್ಬರು ಹೆಣ್ಣುಮಕ್ಕಳಲ್ಲಿ ಹಿರಿಯವಳ ಪಟ್ಟಿಯಲ್ಲೂ ಎರಡನೆಯ ಗೆರೆ ಮೂಡಿತು, ಬಹಳ ಮಸುಕಾಗಿ. ಅವಳ ಮಗ 2014ರಲ್ಲಿ ಹುಟ್ಟಿದವನು. ಹುಟ್ಟಿದ ದಿನವೇ ಲಸಿಕೆ ಹಾಕಿದ್ದಾರೆಂದು ಅವನ ಕಾರ್ಡಿನಲ್ಲಿ ದಿನಾಂಕ ಸಮೇತ ಬರೆದಿದೆ. ಅವನ ಪಟ್ಟಿಯನ್ನು ನಾನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಇಪ್ಪತ್ತು ನಿಮಿಷ ಕಳೆದರೂ ಒಂದೇ ಗೆರೆ ಇತ್ತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲ್ಯಾಬ್ ಟೆಕ್ನಿಷಿಯನ್